ಊಹಿಸಿ ಬರೆಯಿರಿ!

ಕನ್ನಡ ಮನೆಮಾತಿನ ಹುಡುಗನೊಬ್ಬ ಹಿಂದಿ ಕಥೆ ಓದುತ್ತಿದ್ದಾನೆ ಎಂದುಕೊಳ್ಳಿ. ಕೊನೆಗೆ ಒಂದು ವಾಕ್ಯ: ‘ಚೋರ್ ಪಕಡಾ ಗಯಾ ಔರ್ ಉಸೇ ಅಚ್ಛೀ ಶಿಕ್ಷಾ ಮಿಲೀ.’ ಹುಡುಗ ಎಲ್ಲೂ ಎಡವುವುದಿಲ್ಲ. ಕಳ್ಳ ಸಿಕ್ಕಿಬಿದ್ದ, ಅವನಿಗೆ ಒಳ್ಳೇ ಶಿಕ್ಷೆಯಾಯಿತು. ಕಥೆಗೂ ಒಪ್ಪುತ್ತದೆ, ನ್ಯಾಯಕ್ಕೂ ಒಪ್ಪುತ್ತದೆ. ಒಪ್ಪದಿರುವುದು ಹಿಂದಿಗೆ ಮಾತ್ರ. ಅಲ್ಲಿ ‘ಶಿಕ್ಷಾ’ ಎಂದರೆ ವಿದ್ಯೆ, ಪಾಠ. ಕಳ್ಳ ಬುದ್ಧಿ ಕಲಿತ ಎಂದಷ್ಟೇ ಆ ವಾಕ್ಯ ಹೇಳುತ್ತಿದೆ. ಅದೇ ಪುಸ್ತಕದಲ್ಲಿ ಕಥೆ ಮುಗಿದ ಮೇಲೆ ‘ಇಸ್ ಕಹಾನೀ ಸೇ ಹಮೇಂ ಕ್ಯಾ ಶಿಕ್ಷಾ ಮಿಲ್‌ತೀ ಹೈ’ ಎಂಬ ಪ್ರಶ್ನೆ ಇರುತ್ತದೆ. ಓದಿದ ತಪ್ಪಿಗೆ ತನಗೂ ಏನೋ ಕಾದಿದೆ ಎಂದು ಹುಡುಗ ಹೆದರಿದರೆ ಆಶ್ಚರ್ಯವಿಲ್ಲ.

ತಮಾಷೆ ಪಕ್ಕಕ್ಕಿರಲಿ. ಈ ಹುಡುಗ ಮಾಡಿದ್ದು ತರಗತಿಯಲ್ಲಿ ಹೇಳಿಕೊಟ್ಟದ್ದನ್ನೇ: ಗೊತ್ತಿಲ್ಲದ ಪದ ಎದುರಾದರೆ ನಿಲ್ಲಬೇಡ, ನಿಘಂಟು ತೆಗೆಯಬೇಡ, ಹಿಂದುಮುಂದಿನ ಮಾತು ನೋಡಿ ಅರ್ಥ ಊಹಿಸಿಕೋ. ಇಂಗ್ಲಿಷ್ ಮೇಷ್ಟ್ರುಗಳ ಬಾಯಲ್ಲಿ ಇದು ದಶಕಗಳಿಂದ ಮಂತ್ರದಂತಿದೆ. ಬ್ಯಾಂಕ್ ಪರೀಕ್ಷೆಗೆ ತಯಾರು ಮಾಡುವ ಕೋಚಿಂಗ್ ತರಗತಿಗಳಲ್ಲಿ ಇದಕ್ಕೆ ‘ಟ್ರಿಕ್’ ಎಂಬ ಬಿರುದು. ಈಗೀಗ ಕನ್ನಡ ಪಾಠದ ಅಭ್ಯಾಸಗಳಿಗೂ ಇದು ಕಾಲಿಟ್ಟಿದೆ. ಇದನ್ನು ಪ್ರಶ್ನಿಸಿದವರು ಬಾಯಿಪಾಠದ ಕಾಲದವರು, ಅಮರಕೋಶ ಉರುಹೊಡೆದವರ ಪಳೆಯುಳಿಕೆ ಎನ್ನಿಸಿಕೊಳ್ಳುತ್ತಾರೆ. ಆದರೂ ಪ್ರಶ್ನಿಸಲೇಬೇಕಾಗಿದೆ. ಈ ಮಂತ್ರದಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ಓದುಗನನ್ನು ಮೆಲ್ಲಗೆ ದಿಕ್ಕು ತಪ್ಪಿಸುತ್ತದೆ.

ಮೊದಲು ಮಂತ್ರದ ಮೂಲ. 1967ರಲ್ಲಿ ಅಮೆರಿಕದ ಕೆನೆತ್ ಗುಡ್‌ಮನ್, ಓದುವುದೆಂದರೆ ಒಂದು ಬಗೆಯ ಊಹೆಯ ಆಟ ಎಂದು ವಾದಿಸಿ ಪ್ರಬಂಧ ಬರೆದರು. ಒಳ್ಳೆಯ ಓದುಗ ಅಕ್ಷರ ಅಕ್ಷರ ಹಿಡಿದು ಓದುವುದಿಲ್ಲ, ಸಂದರ್ಭದ ಸುಳಿವು ಹಿಡಿದು ಮುಂದೋಡುತ್ತಾನೆ ಎಂಬುದು ಅದರ ತಿರುಳು. ಶಿಕ್ಷಕರ ತರಬೇತಿಗಳಲ್ಲಿ ಇದು ಕಾಡುಗಿಚ್ಚಿನಂತೆ ಹಬ್ಬಿತು. ಕೀತ್ ಸ್ಟಾನೊವಿಚ್ ಮುಂತಾದವರು ಪರೀಕ್ಷಿಸಿ ನೋಡಿದಾಗ ಕಂಡದ್ದು ತಿರುಗುಮುರುಗು: ಪದವನ್ನು ಗುರುತಿಸಲು ಸಂದರ್ಭಕ್ಕೆ ಜೋತುಬೀಳುವವರು ಓದಿನಲ್ಲಿ ಹಿಂದುಳಿದ ಮಕ್ಕಳು, ಚೆನ್ನಾಗಿ ಓದುವವರಿಗೆ ಆ ಊರುಗೋಲು ಬೇಕಾಗುವುದೇ ಅಪರೂಪ. ಮಕ್ಕಳಿಗೆ ಓದು ಕಲಿಸುವಾಗ ಪದ ಊಹಿಸುವ ಈ ಪದ್ಧತಿಯನ್ನು ಅಮೆರಿಕದ ಹಲವು ರಾಜ್ಯಗಳು ಈಚೆಗೆ ಕಾನೂನು ಮಾಡಿಯೇ ನಿಲ್ಲಿಸಿವೆ. ಅದು ಅಕ್ಷರ ಕೂಡಿಸಿ ಓದುವವರ ಜಗಳ, ಅರ್ಥದ್ದಲ್ಲ ಎನ್ನಬಹುದು. ಸರಿ, ಅರ್ಥದ ವಿಷಯಕ್ಕೇ ಬರೋಣ.

ಅಭ್ಯಾಸ ಪುಸ್ತಕದಲ್ಲಿ ಬರುವ ವಾಕ್ಯಗಳನ್ನು ಗಮನಿಸಿ. ‘ರಾಮಪ್ಪ ಕಡುಲೋಭಿ, ಭಿಕ್ಷುಕನಿಗಿರಲಿ, ಹೆಂಡತಿ ಮಕ್ಕಳಿಗೂ ಬಿಡಿಗಾಸು ಬಿಚ್ಚುತ್ತಿರಲಿಲ್ಲ.’ ಲೋಭಿ ಎಂದರೇನು? ಉತ್ತರ ಅಲ್ಪವಿರಾಮದ ಆಚೆ ಎಲೆ ಹಾಕಿಕೊಂಡು ಕೂತಿದೆ. ಇಂಥ ವಾಕ್ಯಗಳು ಹುಟ್ಟುವುದು ಪ್ರಶ್ನೆಪತ್ರಿಕೆ ತಯಾರಿಸುವವರ ಮೇಜಿನ ಮೇಲೆ. ಕಥೆ ಬರೆಯುವವನು, ವರದಿ ಬರೆಯುವವನು, ಕಾಗದಪತ್ರ ಬರೆಯುವವನು ಓದುಗನಿಗೆ ಪದದ ಅರ್ಥ ಗೊತ್ತಿದೆ ಎಂದು ನಂಬಿಕೊಂಡೇ ಬರೆಯುತ್ತಾನೆ. ಮಗ್ಗುಲಲ್ಲೇ ಟಿಪ್ಪಣಿ ಇಡುವ ಕೆಲಸ ಅವನದಲ್ಲ.

ಹಾಗಾಗಿ ಬಯಲಿನ ವಾಕ್ಯವೊಂದನ್ನು ಹಿಡಿಯೋಣ. ‘ಬಾಗಿಲು ತೆರೆದ ಸುಬ್ಬಣ್ಣ ಎದುರಿಗೆ ನಿಂತಿದ್ದ ಅಳಿಯನನ್ನು ಕಂಡು ______.’ ಖಾಲಿ ಜಾಗಕ್ಕೆ ಏನು ಹಾಕಬಹುದು? ಹಿಗ್ಗಿದ, ಕಿಡಿಕಿಡಿಯಾದ, ಪೆಚ್ಚಾದ, ಬೆಪ್ಪಾದ, ತಬ್ಬಿಬ್ಬಾದ, ಕಕ್ಕಾಬಿಕ್ಕಿಯಾದ. ಎಲ್ಲವೂ ಕೂರುತ್ತವೆ. ಕೊನೆಯ ನಾಲ್ಕನ್ನು ‘ಗಾಬರಿಯಂಥದ್ದೇನೋ’ ಎಂದು ಒಂದೇ ಮೂಟೆ ಕಟ್ಟುವವನು ಕಥೆಯನ್ನೇ ಕಳೆದುಕೊಳ್ಳುತ್ತಾನೆ. ಪೆಚ್ಚಾಗಬೇಕಾದರೆ ಸುಬ್ಬಣ್ಣ ಮೊದಲು ಏನನ್ನೋ ಎದುರು ನೋಡಿರಬೇಕು: ಮಗಳೂ ಬಂದಾಳು ಎಂದುಕೊಂಡಿದ್ದ, ಅಳಿಯನೊಬ್ಬನೇ ಚೀಲ ಹಿಡಿದು ನಿಂತಿದ್ದಾನೆ. ತಬ್ಬಿಬ್ಬಾಗಲು ನಿರೀಕ್ಷೆ ಬೇಕಿಲ್ಲ, ಹೇಳದೆ ಕೇಳದೆ ಬಂದದ್ದಷ್ಟೇ ಸಾಕು. ಒಳಗೆ ಕರೆಯಬೇಕೋ ಅಂಗಿ ಹಾಕಿಕೊಂಡು ಬರಬೇಕೋ ತೋಚುವುದಿಲ್ಲ. ಕಕ್ಕಾಬಿಕ್ಕಿ ಇನ್ನೊಂದು ಕೈ ಮೇಲು: ಬಹುಶಃ ಅಳಿಯನಿಗೆ ಗೊತ್ತಾಗಬಾರದ ವ್ಯವಹಾರ ಆ ಗಳಿಗೆಯಲ್ಲೇ ನಡುಮನೆಯಲ್ಲಿ ನಡೆಯುತ್ತಿದೆ. ಬೆಪ್ಪಾದರೆ ನೋಡಿದವರಿಗೆ ನಗು ಬರುತ್ತದೆ. ಬಾಗಿಲಾಚೆ ಏನು ನಡೆದಿತ್ತು ಎಂಬುದನ್ನು ವಾಕ್ಯ ಹೇಳಿಲ್ಲ, ಪದ ಹೇಳಿದೆ. ಸಂದರ್ಭದಿಂದ ಪದ ತಿಳಿಯುತ್ತದೆ ಎಂದು ಪಾಠ ಹೇಳುವವರು, ಪದದಿಂದಲೇ ಸಂದರ್ಭ ತಿಳಿಯುವ ಈ ಎದುರು ಹರಿವನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ‘ಅವರು ನಿನ್ನೆ ತೀರಿಕೊಂಡರು’ ಎನ್ನುವುದಕ್ಕೂ ‘ಲಿಂಗೈಕ್ಯರಾದರು’, ‘ಬೃಂದಾವನಸ್ಥರಾದರು’, ‘ಹುತಾತ್ಮರಾದರು’ ಎನ್ನುವುದಕ್ಕೂ ಇರುವ ಅಂತರ ಊಹಿಸಿ ಸಿಗುವಂಥದ್ದಲ್ಲ. ಮಠ, ಮತ, ರಣರಂಗ ಎಲ್ಲವನ್ನೂ ಆ ಒಂದೊಂದೇ ಪದ ಹೊತ್ತು ತರುತ್ತದೆ.

ಇಸಬೆಲ್ ಬೆಕ್, ಮಾರ್ಗರೆಟ್ ಮೆಕ್ಯೂನ್ ಮತ್ತು ಸಂಗಡಿಗರು 1983ರಲ್ಲಿ ಇದನ್ನು ಅಳೆದು ನೋಡಿದರು. ಶಾಲಾ ಓದುಪುಸ್ತಕಗಳ ಪಠ್ಯವನ್ನೇ ಎತ್ತಿಕೊಂಡು, ಪದಗಳನ್ನು ಮರೆಮಾಡಿ, ಭಾಷೆ ಚೆನ್ನಾಗಿ ಬಲ್ಲ ದೊಡ್ಡವರಿಗೆ ಕೊಟ್ಟರು. ಸಂದರ್ಭಗಳು ನಾಲ್ಕು ಬಗೆಯವು ಎಂದು ಅವರು ವಿಂಗಡಿಸಿದ್ದರು: ದಾರಿ ತೋರಿಸುವಂಥವು, ಸುಮಾರಾಗಿ ಸುಳಿವು ಕೊಡುವಂಥವು, ಏನೂ ಹೇಳದಂಥವು, ದಾರಿ ತಪ್ಪಿಸುವಂಥವು. ಕೊನೆಯ ಬಗೆಯಲ್ಲಿ ಸರಿಯುತ್ತರ ಹೆಚ್ಚೂಕಡಿಮೆ ಯಾರಿಗೂ ಹೊಳೆಯಲಿಲ್ಲ. ಗೊತ್ತಿದ್ದ ಪದವನ್ನೇ ಹುಡುಕಲಾಗದೆ ದೊಡ್ಡವರು ಸೋತರೆ, ಗೊತ್ತೇ ಇಲ್ಲದ ಪದದ ಅರ್ಥವನ್ನು ಮಕ್ಕಳು ಕಂಡುಹಿಡಿಯಬೇಕಂತೆ. ಬಿಟ್ಟ ಸ್ಥಳ ತುಂಬುವ ಪರೀಕ್ಷೆಯದೂ ಇಂಥದೇ ಕಥೆ. 1953ರಲ್ಲಿ ವಿಲ್ಸನ್ ಟೇಲರ್ ‘ಕ್ಲೋಜ್’ ವಿಧಾನ ರೂಪಿಸಿದ್ದು ಬರಹವೊಂದು ಎಷ್ಟು ಸುಲಭ, ಎಷ್ಟು ಕಷ್ಟ ಎಂದು ಅಳೆಯಲಿಕ್ಕೆ. ಅಳತೆಗೋಲನ್ನೇ ಆಮೇಲೆ ಊಟ ಬಡಿಸುವ ಸೌಟು ಮಾಡಿಕೊಂಡದ್ದು ಪರೀಕ್ಷೆಯ ವ್ಯಾಪಾರ.

ಹಾಗಾದರೆ ಸಂದರ್ಭಕ್ಕೆ ಬೆಲೆಯೇ ಇಲ್ಲವೇ? ಇದೆ, ಬೇಕಾದಷ್ಟಿದೆ. ಅದು ಯಾವ ಕೆಲಸಕ್ಕೆ ಎಂಬುದನ್ನು ನಮ್ಮ ಶಾಸ್ತ್ರಕಾರರು ಬಹು ಹಿಂದೆಯೇ ಸ್ಪಷ್ಟ ಮಾಡಿದ್ದರು. ಸಂಸ್ಕೃತದಲ್ಲಿ ‘ಸೈಂಧವ’ ಎಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಎರಡೂ ಸಿಂಧೂ ದೇಶದಿಂದ ಬಂದವು. ಊಟಕ್ಕೆ ಕೂತ ಯಜಮಾನ ಸೈಂಧವ ತಾ ಎಂದರೆ ಉಪ್ಪು ತರಬೇಕು, ಪ್ರಯಾಣಕ್ಕೆ ಹೊರಟು ನಿಂತಾಗ ಹೇಳಿದರೆ ಕುದುರೆ. ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ಇಂಥ ತೀರ್ಮಾನಕ್ಕೆ ನೆರವಾಗುವ ಅಂಶಗಳನ್ನು ಸಾಲಾಗಿ ಹೇಳಿದ್ದಾನೆ: ಜೊತೆಗಿರುವ ವಸ್ತು, ವಿರೋಧ, ಪ್ರಕರಣ, ಔಚಿತ್ಯ, ದೇಶ, ಕಾಲ, ಸ್ವರ ಹೀಗೆ ಒಟ್ಟು ಹದಿನಾಲ್ಕು. ಇವತ್ತಿನ ಪಠ್ಯಪುಸ್ತಕಗಳ ಸುಳಿವುಗಳ ಪಟ್ಟಿಗಿಂತ ಅದು ಎಷ್ಟೋ ಸೂಕ್ಷ್ಮ. ಗಮನಿಸಬೇಕಾದ್ದು ಅವನು ಇವಕ್ಕೆ ಕೊಟ್ಟ ಹೆಸರು. ಇವು ಸ್ಮೃತಿಹೇತುಗಳು, ಅಂದರೆ ನೆನಪಿಗೆ ತರುವ ಕಾರಣಗಳು. ನೆನಪಾಗಬೇಕಾದರೆ ಮೊದಲೇ ಗೊತ್ತಿರಬೇಕಲ್ಲ? ಸೈಂಧವಕ್ಕೆ ಉಪ್ಪೆಂಬ ಅರ್ಥವಿದೆ ಎಂದೇ ತಿಳಿಯದ ಆಳು, ಎಲೆಯ ಮುಂದೆ ಯಜಮಾನ ಕೈಚಾಚಿದ್ದಾನೆ ಎಂಬ ಸಂದರ್ಭವನ್ನು ಎಷ್ಟೇ ಚೆನ್ನಾಗಿ ಗ್ರಹಿಸಿದರೂ ತುಪ್ಪವನ್ನೋ ಉಪ್ಪಿನಕಾಯಿಯನ್ನೋ ತಂದಿಟ್ಟಾನು.

ಕನ್ನಡದಲ್ಲೇ ನೋಡಿ. ‘ನೆರೆ ರಾಜ್ಯದಲ್ಲಿ ನೆರೆ ಬಂದು, ಸಂತ್ರಸ್ತರು ಶಾಲೆಯ ಮುಂದೆ ನೆರೆದರು.’ ಪತ್ರಿಕೆ ಓದುವವರು ಯಾರೂ ಇಲ್ಲಿ ತಡವರಿಸುವುದಿಲ್ಲ. ಪಕ್ಕ, ಪ್ರವಾಹ, ಗುಂಪುಗೂಡು ಎಂಬ ಮೂರೂ ಅರ್ಥ ಅವರ ತಲೆಯಲ್ಲಿ ಮೊದಲೇ ಇವೆ. ವಾಕ್ಯ ಒಂದೊಂದನ್ನು ಒಂದೊಂದು ಕಡೆ ಎತ್ತಿಕೊಳ್ಳುತ್ತದೆ. ಇದು ಆಯ್ಕೆ. ‘ಸಂದರ್ಭದಿಂದ ಪದ ಕಲಿಯಿರಿ’ ಎನ್ನುವವರು ಆಯ್ಕೆಯನ್ನು ತೋರಿಸಿ ಕಲಿಕೆಯ ಹೆಸರಿನಲ್ಲಿ ಮಾರುತ್ತಿದ್ದಾರೆ.

ಅವರ ಬತ್ತಳಿಕೆಯಲ್ಲಿ ಒಂದು ಗಟ್ಟಿ ಬಾಣವಿದೆ. ಮಗು ನಿಘಂಟು ನೋಡಿ ಮಾತು ಕಲಿಯಿತೇ? ದೊಡ್ಡವರಿಗೆ ಗೊತ್ತಿರುವ ಹತ್ತಾರು ಸಾವಿರ ಪದಗಳಲ್ಲಿ ಯಾರಾದರೂ ಕೂತು ಕಲಿಸಿದ್ದು ಎಷ್ಟು? ಮಾತು ನಿಜ. ಆದರೆ ಹಿತ್ತಲಲ್ಲಿ ಅಜ್ಜಿ ‘ಆ ಕುಡುಗೋಲು ಕೊಡೋ’ ಎಂದಾಗ ಎದುರಿಗೆ ಕುಡುಗೋಲಿದೆ, ಅಜ್ಜಿಯ ಬೆರಳಿದೆ, ಹಾರೆ ಎತ್ತಿಕೊಟ್ಟರೆ ‘ಅದಲ್ಲವೋ’ ಎಂಬ ಗದರಿಕೆಯಿದೆ. ಪುಟದ ಮೇಲಿನ ವಾಕ್ಯ ಗದರುವುದಿಲ್ಲ. ತಪ್ಪು ಊಹೆಯನ್ನೂ ಸರಿ ಊಹೆಯನ್ನೂ ಒಂದೇ ಮುಖದಿಂದ ಒಪ್ಪಿಕೊಳ್ಳುತ್ತದೆ. ಓದುವಾಗ ತಾನಾಗಿ ಎಷ್ಟು ಪದ ಕಲಿಯುತ್ತೇವೆ ಎಂಬ ಬಗೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಸ್ವಾನ್‌ಬೋರ್ನ್ ಮತ್ತು ಡಿ ಗ್ಲಾಪರ್ 1999ರಲ್ಲಿ ಲೆಕ್ಕ ತೆಗೆದರು. ಗೊತ್ತಿಲ್ಲದ ನೂರು ಪದ ಎದುರಾದರೆ ಕಲಿಯುವುದು ಸುಮಾರು ಹದಿನೈದು. ವರ್ಷಗಟ್ಟಲೆ, ಸಾವಿರಾರು ಪುಟ ಓದುವವನಿಗೆ ಈ ಹದಿನೈದೇ ಸೇರಿ ಬೆಟ್ಟವಾಗುತ್ತದೆ. ವಾರಕ್ಕೊಂದು ಪಾಠ ಓದುವ ಹುಡುಗಿಗೆ ಉಳಿದ ಎಂಬತ್ತೈದು ಸೋರಿಹೋಗುತ್ತವೆ.

ಇನ್ನೊಂದು ಲೆಕ್ಕವೂ ಇದೆ. ಪಠ್ಯವೊಂದನ್ನು ಯಾರ ನೆರವೂ ಇಲ್ಲದೆ ತಿಳಿದುಕೊಳ್ಳಬೇಕಾದರೆ ಅದರ ಎಷ್ಟು ಪದ ಮೊದಲೇ ಗೊತ್ತಿರಬೇಕು? ಬಾಟ್ಯಾ ಲಾಫರ್ 1989ರಲ್ಲಿ ನೂರಕ್ಕೆ 95 ಎಂದರು. ಹು ಮತ್ತು ಪಾಲ್ ನೇಷನ್ 2000ದಲ್ಲಿ ಪರೀಕ್ಷಿಸಿ 98ರ ಹತ್ತಿರ ಬೇಕು ಎಂದರು. ಅಂದರೆ ಐವತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ಅಪರಿಚಿತ ಪದ ಇರಬಾರದು. ಪದಸಂಪತ್ತು ಇದ್ದವನಿಗೆ ಸಂದರ್ಭ ಇನ್ನಷ್ಟು ಕೊಡುತ್ತದೆ, ಇಲ್ಲದವನನ್ನು ಬರಿಗೈಯಲ್ಲಿ ಕಳಿಸುತ್ತದೆ. ಬ್ಯಾಂಕು ಸಾಲ ಕೊಡುವ ರೀತಿಯಂತೆ. ಆದರೂ ಈ ಮಂತ್ರವನ್ನು ಹೆಚ್ಚಾಗಿ ಉಪದೇಶಿಸುವುದು ಬರಿಗೈಯವರಿಗೇ.

ಹಳಗನ್ನಡದ ಪಾಠಕ್ಕೆ ಬಂದರೆ ಈ 98ರ ಮಾತು ನಗೆಪಾಟಲು. ಅಲ್ಲಿ ಗೊತ್ತಿಲ್ಲದ ಪದಕ್ಕಿಂತ ಗೊತ್ತಿದ್ದಂತೆ ಕಾಣುವ ಪದ ದೊಡ್ಡ ಮೋಸಗಾರ. ‘ಬಟ್ಟೆ’ ಎಂದರೆ ಹಳಗನ್ನಡದಲ್ಲಿ ದಾರಿ. ಬಟ್ಟೆ ತಪ್ಪಿದವನು, ಬಟ್ಟೆ ಹಿಡಿದವನು ಎಂದರೆ ಹುಡುಗರಿಗೆ ಏನೇನೋ ಚಿತ್ರ. ಅರ್ಥ ಗೊತ್ತಿಲ್ಲ ಎಂಬುದೇ ಗೊತ್ತಾಗದಿದ್ದಾಗ ಊಹೆಯ ಬಾಗಿಲು ತೆರೆಯುವುದೇ ಇಲ್ಲ.

ಅದೇ ಹಳಗನ್ನಡ ಇನ್ನೊಂದನ್ನೂ ತೋರಿಸುತ್ತದೆ. ‘ಬಾನಿನಲ್ಲಿ ತಂಗದಿರ ಮೂಡಿದ.’ ಮೂಡುವುದು ಸೂರ್ಯನೋ ಚಂದ್ರನೋ ಚುಕ್ಕಿಯೋ? ವಾಕ್ಯ ತುಟಿ ಬಿಚ್ಚುವುದಿಲ್ಲ. ಪದವನ್ನೇ ಬಿಡಿಸಿದರೆ ‘ತಣ್’ ಮತ್ತು ‘ಕದಿರು’ ಸಿಗುತ್ತವೆ: ತಣ್ಣನೆಯ ಕಿರಣದವನು, ಚಂದ್ರ. ಬೆಚ್ಚನೆಯ ಕದಿರಿನವನು ಬೆಂಗದಿರ, ಸೂರ್ಯ. ಅದೇ ಜಾಡಿನಲ್ಲಿ ಕೆಂದಾವರೆ, ಮುಂಗಾರು, ಹೆಬ್ಬಾಗಿಲು. ಸಂಧಿ, ಸಮಾಸ, ಪ್ರತ್ಯಯಗಳಿಂದ ಪದ ಕಟ್ಟುವ ಕನ್ನಡದಂಥ ಭಾಷೆಯಲ್ಲಿ ಪದದ ಒಳಗಿನ ಸುಳಿವು ಹೊರಗಿನದಕ್ಕಿಂತ ಎಷ್ಟೋ ಸಲ ಗಟ್ಟಿ. ಇಂಗ್ಲಿಷಿಗಾಗಿ ಹೊಲಿದ ಅಂಗಿಯನ್ನು ಅಳತೆ ನೋಡದೆ ಕನ್ನಡಕ್ಕೆ ತೊಡಿಸಿದವರು, ಕೈಯಲ್ಲಿದ್ದ ಈ ಸಲಕರಣೆಯನ್ನು ವ್ಯಾಕರಣವೆಂಬ ಬೇರೆ ಪಿರಿಯಡ್ಡಿಗೆ ತಳ್ಳಿ ಎರಡು ಅಂಕದ ಪ್ರಶ್ನೆ ಮಾಡಿಟ್ಟರು.

ಊಹೆ ಸರಿಯಾದಾಗಲೂ ಸಿಗುವುದೇನು? ಹೆಚ್ಚೆಂದರೆ ಒಂದು ಜಾತಿ. ‘ಗೊರಬು ಹಾಕಿಕೊಂಡು ನಾಟಿಗೆ ಹೋದರು’ ಎಂದರೆ ಬೆಂಗಳೂರಿನ ಹುಡುಗಿ ‘ಯಾವುದೋ ಉಡುಪು’ ಎಂದುಕೊಂಡು ಪುಟ ತಿರುಗಿಸುತ್ತಾಳೆ. ಅಭ್ಯಾಸ ಪುಸ್ತಕ ಅದಕ್ಕೆ ಪೂರ್ಣ ಅಂಕ ಕೊಡುತ್ತದೆ. ಮಲೆನಾಡಿನ ಮಳೆಯಲ್ಲಿ ಬಗ್ಗಿ ಸಸಿ ನೆಡುವವರ ತಲೆ ಬೆನ್ನುಗಳ ಮೇಲೆ ಎಲೆಯಿಂದ ಹೆಣೆದ ಸೂರಿನಂತೆ ಕೂರುವ, ಎರಡೂ ಕೈಗಳನ್ನು ಕೆಲಸಕ್ಕೆ ಬಿಟ್ಟುಕೊಡುವ ಆ ವಸ್ತು ಅವಳ ಕಣ್ಣಿಗೆ ಬೀಳುವುದೇ ಇಲ್ಲ. ಹೀಗೆ ಓದಿದವರಿಗೆ ಕಾದಂಬರಿಯ ಕಾಡೆಲ್ಲ ಯಾವುದೋ ಮರ, ಯಾವುದೋ ಹಕ್ಕಿ, ಯಾವುದೋ ತಿನಿಸು. ಕುವೆಂಪು, ಕಾರಂತರನ್ನು ಹೀಗೂ ಓದಿ ಮುಗಿಸಬಹುದು. ಓದಿದ್ದೇನು ಎಂಬುದು ಬೇರೆ ಮಾತು.

ಇನ್ನು ನಿಘಂಟಿನ ಮೇಲಿನ ಸಿಟ್ಟು. ನಿಘಂಟು ಎಂದರೆ ಸಂದರ್ಭದ ಶತ್ರು ಎಂಬಂತೆ ಮಾತಾಡುವವರು ಒಳ್ಳೆಯ ನಿಘಂಟನ್ನು ತೆರೆದು ನೋಡಿದಂತಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಅರ್ಥದ ಜೊತೆಗೆ ಪ್ರಯೋಗಗಳಿವೆ: ಶಾಸನದಲ್ಲಿ ಹೀಗೆ ಬಂದಿದೆ, ಕಾವ್ಯದಲ್ಲಿ ಹೀಗೆ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲರ ನಿಘಂಟು ಸುಮಾರು 70,000 ಪದಗಳನ್ನು ಕೂಡಿಹಾಕಿದ್ದು ಕಾವ್ಯ, ಗಾದೆ, ಆಡುಮಾತುಗಳನ್ನು ಜಾಲಾಡಿ. ಅದಕ್ಕೂ ಬಹಳ ಮೊದಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಪದಗಳ ಅರ್ಥ ಹೇಳುವ ಭಾಗಕ್ಕೆ ಇಟ್ಟ ಹೆಸರೇ ಪ್ರಯೋಗಸಾರ. ನಿಘಂಟುಕಾರನೂ ಸಂದರ್ಭದಿಂದಲೇ ಅರ್ಥ ತೆಗೆಯುತ್ತಾನೆ. ಒಂದೇ ವ್ಯತ್ಯಾಸವೆಂದರೆ ಅವನ ಮುಂದೆ ಒಂದಲ್ಲ, ಹತ್ತು, ಐವತ್ತು ಸಂದರ್ಭಗಳಿರುತ್ತವೆ. ಒಂದು ವಾಕ್ಯ ಸುಳ್ಳು ಹೇಳಿದರೆ ಇನ್ನೊಂದು ಅದನ್ನು ಹಿಡಿದುಹಾಕುತ್ತದೆ. ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣ 1991ರಿಂದ ‘ಪ್ರಜಾವಾಣಿ’ಯಲ್ಲಿ ವರ್ಷಗಟ್ಟಲೆ ನಡೆದದ್ದು ಪದದ ಅರ್ಥ ಕೇಳಿ ಬರೆಯುವ ಓದುಗರಿಂದ. ‘ಊಹಿಸಿಕೊಳ್ಳಿ’ ಎಂಬ ಒಂದೇ ಮಾತಿನ ಉತ್ತರ ಸಾಕಿದ್ದಿದ್ದರೆ ಆ ಅಂಕಣ ಒಂದು ವಾರಕ್ಕೆ ಮುಗಿಯುತ್ತಿತ್ತು.

ಪಾಠದ ಕೊನೆಗೆ ‘ಪದಗಳ ಅರ್ಥ’ ಎಂದು ಒಂದಕ್ಕೆ ಎದುರಾಗಿ ಒಂದನ್ನು ಜೋಡಿಸುವ ಪಟ್ಟಿಯೂ ಸಾಲದು ಎಂಬುದನ್ನು ಒಪ್ಪಬೇಕು. ಮ್ಲಾನ ಅಂದರೆ ಬಾಡಿದ ಎಂದು ಉರುಹೊಡೆದ ಹುಡುಗ ‘ಮ್ಲಾನವಾದ ಕೊತ್ತಂಬರಿ ಸೊಪ್ಪು ತಂದೆ’ ಎಂದು ಸ್ವಂತ ವಾಕ್ಯ ರಚಿಸುತ್ತಾನೆ. ಆ ಪಟ್ಟಿಯ ಮೇಲಿನ ಬೇಸರದಿಂದಲೇ ಊಹೆಯ ಮಂತ್ರಕ್ಕೆ ಇಷ್ಟು ಭಕ್ತರು ಸಿಕ್ಕಿದ್ದು. ಪಟ್ಟಿಯ ರೋಗಕ್ಕೆ ಮದ್ದು ಇನ್ನೂ ನಾಲ್ಕು ಪ್ರಯೋಗಗಳು: ಮುಖ ಮ್ಲಾನ, ಕಾಂತಿ ಮ್ಲಾನ, ಹೀಗೆ. ಇದ್ದ ಪಟ್ಟಿಯನ್ನೂ ಹರಿದುಹಾಕಿದರೆ ರೋಗ ವಾಸಿಯಾಗದು.

ನಿಘಂಟು ತೆರೆದರೆ ಓದಿನ ಓಟ ಮುರಿಯುತ್ತದೆ ಎಂಬ ಆಕ್ಷೇಪಣೆ ದಪ್ಪ ಸಂಪುಟಗಳು ಗಾಜಿನ ಬೀರುವಿನಲ್ಲಿ ಬೀಗದೊಳಗಿದ್ದ ಕಾಲದ್ದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿರುವ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ಈಗ ಅಂಗೈಯ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ನಿಘಂಟುಗಳ ಸಾಲೇ ಇದೆ. ವಾಟ್ಸಾಪ್ ಸದ್ದಿಗೆ ಪುಟಕ್ಕೆ ಮೂರು ಸಲ ಮುರಿಯುವ ಓಟ, ಪದವೊಂದಕ್ಕೆ ಮುರಿದರೆ ಏನೂ ಮುಳುಗದು.

ಮುಳುಗುವುದು ಬೇರೆ ಕಡೆ. ಕರ್ನಾಟಕದ ಯಾವುದೇ ಪಹಣಿ ಕೈಗೆತ್ತಿಕೊಳ್ಳಿ. ಖುಷ್ಕಿ, ತರಿ, ಬಾಗಾಯ್ತು, ಖರಾಬು. ಖುಷ್ಕಿಗೂ ಖುಷಿಗೂ ಸಂಬಂಧವಿಲ್ಲ, ಅದು ಮಳೆಯಾಶ್ರಿತ ಒಣಭೂಮಿ. ‘ಖರಾಬು’ ನೋಡಿದವನು ಊಹಿಸುತ್ತಾನೆ: ಕೆಟ್ಟ ಜಮೀನು, ಬಂಡೆಗಿಂಡೆ ಇರಬೇಕು, ಜೆಸಿಬಿ ತಂದು ಹಸನು ಮಾಡಿದರಾಯಿತು. ಸಂದರ್ಭಕ್ಕೆ ಚಾಚೂ ತಪ್ಪದೆ ಹೊಂದುವ ಊಹೆ. ಎ ಖರಾಬಿನ ಮಟ್ಟಿಗೆ ಅರ್ಧ ಸರಿಯೂ ಹೌದು, ಅದು ಸಾಗುವಳಿಗೆ ಬಾರದ ನೆಲ. ಬಿ ಖರಾಬಿನ ಕಥೆ ಬೇರೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಅದು ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ. ಮಣ್ಣು ಕಪ್ಪಗೆ ಚಿನ್ನದಂತಿರಬಹುದು, ಅಲ್ಲಿ ಖರಾಬಾದದ್ದು ಏನೂ ಇರಲಿಕ್ಕಿಲ್ಲ. 2 ಎಕರೆ 10 ಗುಂಟೆ ಎಂದು ಮಾತಾಡಿ ಮುಂಗಡ ಕೊಟ್ಟವನ ಪಹಣಿಯಲ್ಲಿ 8 ಗುಂಟೆ ಬಿ ಖರಾಬು ಇದ್ದರೆ, ಬೇಲಿ ಹಾಕುವ ದಿನ ಊರವರು ಬಂದು ಇದು ಬಂಡಿದಾರಿ ಸ್ವಾಮಿ ಎನ್ನುತ್ತಾರೆ. ‘ಬಿ’ ಅಂದರೆ ಏನು ಎಂದು ನೋಂದಣಿಗೆ ಮೊದಲು ಸರ್ವೆಯವರನ್ನು ಒಂದು ಮಾತು ಕೇಳಿದ್ದರೆ ಆ 8 ಗುಂಟೆಯ ದುಡ್ಡು ಅವನ ಜೇಬಿನಲ್ಲೇ ಇರುತ್ತಿತ್ತು.